ಇರುವೆಯ ಬಲಗಡೆ ಯಾವುದು?

ಇರುವೆ ಮತ್ತೆ ಹೋಗಿ ಕಲ್ಲಿಗೆ ಡಿಕ್ಕಿ ಹೊಡೆಯಿತು.

"ಅಯ್ಯೋ, ಇದಕ್ಕೇನು ಕಣ್ಣು ಕಾಣಲ್ವಾ?" ಎಂದು ಉದ್ದಜಡೆ ಗೊಣಗಿದಳು.

ಲ್ಯಾಪ್‌ಟಾಪ್ ಪರದೆಯ ಮೇಲಿದ್ದ ಆ ಪುಟ್ಟ ಇರುವೆ ಸಕ್ಕರೆ ಹರಳಿನ ಹತ್ತಿರ ಹೋಗಬೇಕಿತ್ತು. 'ಮುಂದೆ ಹೋಗು', 'ಬಲಕ್ಕೆ ತಿರುಗು' ಎಂಬ ಬಣ್ಣದ ಬ್ಲಾಕುಗಳನ್ನು ಜೋಡಿಸಿ ಅದಕ್ಕೆ ದಾರಿ ಹೇಳಬೇಕು. ಮೇಲಿನಿಂದ ಕೆಳಕ್ಕೆ ಇರುವೆ ಸರಿಯಾಗಿಯೇ ಇಳಿಯುತ್ತಿತ್ತು. ತಿರುಗುವ ಜಾಗ ಬಂದೊಡನೆ ಸಕ್ಕರೆಗೆ ಬೆನ್ನು ಹಾಕಿ ಕಲ್ಲಿನತ್ತ ನಡೆದುಬಿಡುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ರೇಡಿಯೋಗೆ ತಪ್ಪು ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಹೇಳುವಂತಿರಲಿಲ್ಲ.

ರೇಡಿಯೋ ಅಂದರೆ ಹಾಡು ಹಾಡುವ ಡಬ್ಬಿಯಲ್ಲ, ಐದನೇ ಕ್ಲಾಸಿನ ಹುಡುಗಿ. ಪಕ್ಕದವಳಿಗೆ ಜಡೆ ನೋಡಿ ಉದ್ದಜಡೆ ಎಂದಂತೆ, ಇವಳಿಗೆ ಬೆಳಗ್ಗೆ ಬಾಯಿ ತೆರೆದರೆ ಸಂಜೆವರೆಗೂ ಮುಚ್ಚುವುದಿಲ್ಲ ಎಂದು ಕ್ಲಾಸಿನವರೆಲ್ಲ ಸೇರಿ ಇಟ್ಟ ಹೆಸರು. ಅಂಥವಳು ಇವತ್ತು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಬೋರ್ಡಿನ ಹತ್ತಿರ ನಿಂತು ಪಾಠ ಮಾಡುತ್ತಿದ್ದ ಹೊಸ ಮಿಸ್ ಬೇರೆ ಯಾರೂ ಅಲ್ಲ, ಅವಳ ಅಮ್ಮ!

ಅಮ್ಮ ಟೀಚರ್ ಟ್ರೈನಿಂಗಿಗೆ ಸೇರಿದ್ದಳು. ಚಿಕ್ಕ ಮಕ್ಕಳಿಗೆ ಕೋಡಿಂಗ್ ಹೇಗೆ ಕಲಿಸಬೇಕು ಎಂದು ಕಲಿಯುತ್ತಿದ್ದವರಲ್ಲಿ ಅವಳೇ ಎಲ್ಲರಿಗಿಂತ ದೊಡ್ಡವಳು. ಉಳಿದ ಟ್ರೈನಿಗಳು ಹಿಂದಿನ ಪುಟ್ಟ ಬೆಂಚಿನಲ್ಲಿ, ಮಂಡಿ ಎಲ್ಲಿಡಬೇಕೋ ತಿಳಿಯದೆ ಮುದುರಿಕೊಂಡು ಕೂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಕನ್ನಡಕದ ಮೇಡಂ. ಮಾರ್ಕ್ಸ್ ಹಾಕುವವರು ಅವರೇ.

ಹೋದ ಸಲ ಇದೇ ಮೇಡಂ ಅಮ್ಮನನ್ನು ಫೇಲ್ ಮಾಡಿದ್ದರು. "ಪ್ರಶ್ನೆನೂ ನಿಮ್ಮದೇ, ಉತ್ತರಾನೂ ನಿಮ್ಮದೇ. ಹಾಗಾದ್ರೆ ಮಕ್ಕಳು ಕ್ಲಾಸಿಗೆ ಯಾಕೆ ಬರಬೇಕು?" ಎಂದು ಕೇಳಿದ್ದರಂತೆ. ಅವತ್ತು ಅಮ್ಮ ಬಚ್ಚಲುಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತಿದ್ದು ರೇಡಿಯೋಗೆ ಕೇಳಿಸಿತ್ತು. ಇವತ್ತೂ ಫೇಲ್ ಆದರೆ ಮತ್ತೊಂದು ಅವಕಾಶವಿಲ್ಲ. ಟ್ರೈನಿಂಗ್ ಅಲ್ಲಿಗೇ ಮುಗಿಯಿತು.

ಅದಕ್ಕೇ ಬೆಳಗ್ಗೆ ಅಮ್ಮ ಅವಳ ಗಲ್ಲ ಹಿಡಿದು ಹೇಳಿದ್ದಳು. "ನೋಡು ಮರಿ, ಇವತ್ತು ಒಂದು ಪೀರಿಯಡ್ ನೀನು ನನ್ನ ಮಗಳಲ್ಲ. ಮಿಸ್ ಅಂತಾನೇ ಕರೀಬೇಕು. ಉತ್ತರ ಗೊತ್ತು ಅಂತ ಬಾಯಿಬಿಟ್ಟೀಯ ಮತ್ತೆ! ಮನೇಲೇ ಹೇಳ್ಕೊಟ್ಟು ಕರ್ಕೊಂಡು ಬಂದಿದಾಳೆ ಅಂದ್ಕೋತಾರೆ."

"ನಾನು ಉಸಿರೂ ಎತ್ತಲ್ಲ."

"ನಿನ್ನ ಕೈಲಿ ಆಗುತ್ತಾ?"

"ನೋಡ್ತಾ ಇರು!"

ಬೆಳಗ್ಗೆ ಹಾಗಂದಿದ್ದೇನೋ ನಿಜ. ಈಗ ನೋಡಿದರೆ ಕ್ಲಾಸಿನಲ್ಲಿ ಯಾರ ಇರುವೆಯೂ ಸಕ್ಕರೆ ಮುಟ್ಟಿರಲಿಲ್ಲ. "ಮಿಸ್, ಇದು ಕೆಟ್ಟೋಗಿದೆ!" ಎಂದ ಒಬ್ಬ ಹುಡುಗ.

"ಕೆಟ್ಟಿಲ್ಲಪ್ಪ. ನೀವು ಏನು ಹೇಳಿದ್ರೋ ಅದನ್ನೇ ಮಾಡ್ತಿದೆ" ಎಂದಳು ಅಮ್ಮ. ಆಮೇಲೆ ಸುಮ್ಮನಾದಳು.

ಅಮ್ಮ ಸುಮ್ಮನಾಗುವುದೆಂದರೆ! ಅಮ್ಮ ಡಸ್ಟರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಿದ್ದಳು. ಕನ್ನಡಕದ ಮೇಡಂ ಗೋಡೆ ಗಡಿಯಾರ ನೋಡಿ ಏನೋ ಬರೆದುಕೊಂಡರು. ಏನು ಬರೆದರೋ!

ಅಮ್ಮ ರೇಡಿಯೋ, ಉದ್ದಜಡೆ ಕೂತಿದ್ದ ಟೇಬಲಿನ ಹತ್ತಿರ ಬಂದಳು. ಅವಳ ಕೈ ಮೌಸ್ ಕಡೆಗೆ ಚಾಚಿತು. ಆ ಕೈಯ ಪರಿಚಯ ರೇಡಿಯೋಗೆ ಚೆನ್ನಾಗಿತ್ತು. ಬ್ಯಾಗಿನ ಜಿಪ್ ಸಿಕ್ಕಿಕೊಂಡರೂ, ಲೆಕ್ಕ ತಪ್ಪಿದರೂ, ಕೇಳುವ ಮುಂಚೆಯೇ ಬಂದುಬಿಡುವ ಕೈ ಅದು. ಮೌಸ್ ಇನ್ನೇನು ಸಿಕ್ಕಿತು ಎನ್ನುವಾಗ ಅಮ್ಮ ಕೈಯನ್ನು ಹಿಂದಕ್ಕೆಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು.

"ಏನಾಗ್ತಿದೆ, ನಂಗೆ ಹೇಳ್ತೀಯಾ?" ಎಂದು ಉದ್ದಜಡೆಯನ್ನು ಕೇಳಿದಳು.

"ಸಕ್ಕರೆ ಬಲಗಡೆ ಇದೆ ಅಲ್ವಾ ಮಿಸ್? ಬಲಕ್ಕೆ ತಿರುಗು ಅಂದಿದೀನಿ. ಇದು ಹೇಳಿದ ಮಾತೇ ಕೇಳಲ್ಲ."

"ಹೂಂ" ಎಂದಳು ಅಮ್ಮ. ಅಷ್ಟೇ.

ಮೇಡಂ ಎದ್ದು ಇತ್ತಲೇ ಬರುತ್ತಿದ್ದರು. ರೇಡಿಯೋಗೆ ತಡೆಯಲಾಗಲಿಲ್ಲ. ಒಂದೇ ಒಂದು ಮಾತು ಹೇಳಿದರೆ ಇರುವೆಗೆ ಸಕ್ಕರೆ ಸಿಗುತ್ತದೆ, ಅಮ್ಮ ಪಾಸಾಗುತ್ತಾಳೆ. "ಅದು ಎ..." ಎಂದೇಬಿಟ್ಟಳು.

ಅಮ್ಮ ಥಟ್ಟನೆ ಅವಳ ಕಡೆ ತಿರುಗಿದಳು. ಆ ಕಣ್ಣಲ್ಲಿ ಕೋಪ ಇರಲಿಲ್ಲ. ದಯವಿಟ್ಟು ಬೇಡ ಎಂದು ಕೇಳಿಕೊಳ್ಳುತ್ತಿದ್ದವು ಆ ಕಣ್ಣುಗಳು. ರೇಡಿಯೋ ಯೂನಿಫಾರ್ಮಿನ ಕಾಲರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

ಉದ್ದಜಡೆ ಪರದೆಯನ್ನೇ ನೋಡುತ್ತಾ ಕೂತಿದ್ದಳು. ಎಷ್ಟೋ ಹೊತ್ತಾದ ಮೇಲೆ, "ತಾಳು ತಾಳು" ಎನ್ನುತ್ತಾ ಎದ್ದಳು. ಟೇಬಲ್ ಸುತ್ತಿಕೊಂಡು ಹೋಗಿ ರೇಡಿಯೋ ಎದುರಿಗೆ ನಿಂತಳು.

"ನಾನೇ ಇರುವೆ. ಮೇಲಿಂದ ಇಳಿದು ನಿನ್ನ ಕಡೆ ಬರ್ತಿದೀನಿ. ಇದು ನನ್ನ ಬಲಗೈ." ಕೈಯೆತ್ತಿ ತೋರಿಸಿದಳು. "ನಿಂಗೆ ಇದು ಯಾವ ಕಡೆ ಕಾಣುತ್ತೆ?"

ರೇಡಿಯೋ ಮಾತಾಡದೆ ತನ್ನ ಎಡಗೈ ಎತ್ತಿದಳು.

ಉದ್ದಜಡೆಯ ಕಣ್ಣುಗಳು ಅರಳಿದವು. "ಅಯ್ಯಯ್ಯೋ! ಅದು ನಮ್ಮ ಎದುರಿಗೆ ಬರ್ತಿದೆ ಕಣೇ! ಅದರ ಬಲಗಡೆ ಅಂದ್ರೆ ನಮ್ಮ ಎಡಗಡೆ!" ಓಡಿಬಂದು 'ಎಡಕ್ಕೆ ತಿರುಗು' ಬ್ಲಾಕ್ ಹಾಕಿ ಬಟನ್ ಒತ್ತಿದಳು. ಇರುವೆ ಇಳಿಯಿತು, ತಿರುಗಿತು, ನೆಟ್ಟಗೆ ಸಕ್ಕರೆಗೆ ಹೋಗಿ ಬಾಯಿ ಹಾಕಿತು. ಉದ್ದಜಡೆ ಕಿರುಚಿಕೊಂಡು ಕುಣಿದ ರಭಸಕ್ಕೆ ಜಡೆ ರೇಡಿಯೋ ಮೂಗಿಗೆ ಬಡಿಯಿತು.

ಇನ್ನೇನು, ಕ್ಲಾಸಿಗೆ ಕ್ಲಾಸೇ ಎದ್ದು ಎದುರುಬದುರು ನಿಂತು ಕೈಯೆತ್ತತೊಡಗಿತು. ಹಿಂದಿನ ಬೆಂಚಿನ ಟ್ರೈನಿಗಳೂ ಯಾರಿಗೂ ಕಾಣದ ಹಾಗೆ ಬಲಗೈ ಎತ್ತಿ ನೋಡಿಕೊಂಡರು. ಒಂದೊಂದೇ ಟೇಬಲಿನಿಂದ "ಸಿಕ್ತು! ಸಿಕ್ತು!" ಎಂಬ ಕೂಗು.

ಮೂಗು ಉಜ್ಜಿಕೊಳ್ಳುತ್ತಾ ರೇಡಿಯೋ ಉದ್ದಜಡೆಯ ಮುಖ ನೋಡಿದಳು. ಭಾನುವಾರ ಅಮ್ಮ ಮನೆಯಲ್ಲಿ ಇದೇ ಇರುವೆಯನ್ನು ತೋರಿಸಿದ್ದಳು. ರೇಡಿಯೋ ಸರಿಯಾಗಿ ನೋಡುವ ಮೊದಲೇ, "ಎದುರಿಗೆ ಬರ್ತಿದೆ ಅಲ್ವಾ, ಎಡಕ್ಕೆ ಅನ್ನು" ಎಂದಿದ್ದಳು. ಇರುವೆಗೆ ಸಕ್ಕರೆ ಸಿಕ್ಕಿತ್ತು. ರೇಡಿಯೋ "ಓ" ಎಂದು ಆಡಲು ಹೋಗಿದ್ದಳು. ಆಗ ಅವಳು ಕುಣಿದಿರಲಿಲ್ಲ. ಈಗ ಉದ್ದಜಡೆಯನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಬೆಲ್ ಹೊಡೆದ ಮೇಲೆ ಮೇಡಂ ಅಮ್ಮನ ಹತ್ತಿರ ಹೋದರು. ರೇಡಿಯೋ ಬ್ಯಾಗಿನಲ್ಲಿ ಇಲ್ಲದ ಪೆನ್ಸಿಲನ್ನು ಹುಡುಕುತ್ತಾ ಕಿವಿ ಅಲ್ಲೇ ಇಟ್ಟಿದ್ದಳು.

"ಅಷ್ಟು ಹೊತ್ತು ಹೇಗ್ರೀ ಸುಮ್ಮನಿದ್ರಿ?"

"ಜೀವ ಬಾಯಿಗೆ ಬಂದಿತ್ತು ಮೇಡಂ."

"ನೋಡಿದೆ. ಪಾಸಾಗಿದೀರಿ. ಮುಂದಿನ ವಾರದಿಂದ ನೀವೇ ಈ ಕ್ಲಾಸ್ ತಗೊಳ್ಳಿ."

ಅಮ್ಮ ಪಕ್ಕದಲ್ಲಿದ್ದ ಪುಟ್ಟ ಸ್ಟೂಲಿನ ಮೇಲೆ ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ರೇಡಿಯೋಗೆ ತಿಳಿಯಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಮ್ಮನ ಮಾತಿಗೆ ಲಂಗುಲಗಾಮಿರಲಿಲ್ಲ. "ಮುಂದಿನ ವಾರದ ಪಾಠ ಏನು ಗೊತ್ತಾ ಮರಿ? ಒಂದು ಮೀನು ಇರುತ್ತೆ. ಅದು ಸುತ್ತಿದಲ್ಲೇ ಸುತ್ತುತ್ತೆ. ಯಾಕೆ ಅಂದ್ರೆ..."

"ಅಮ್ಮಾ, ಹೇಳ್ಬೇಡ!" ರೇಡಿಯೋ ಎರಡೂ ಕಿವಿ ಮುಚ್ಚಿಕೊಂಡಳು. "ನಂಗೂ ಹೇಳ್ಬೇಡ!"

ಅಮ್ಮ ನಿಂತುಬಿಟ್ಟಳು. ಏನೋ ಹೇಳಲು ಬಾಯಿ ತೆರೆದಳು. ಮಗಳ ಮುಖ ನೋಡಿದಳು. ಮತ್ತೆ ಬಾಯಿ ಮುಚ್ಚಿಕೊಂಡಳು.

ಇಬ್ಬರೂ ನಡೆಯತೊಡಗಿದರು. ಆ ಮೀನು ಯಾಕೆ ಸುತ್ತಿದಲ್ಲೇ ಸುತ್ತುತ್ತದೆ ಎಂದು ಯೋಚಿಸುತ್ತಾ, ರೇಡಿಯೋ ಮನೆ ಬರುವವರೆಗೂ ಒಂದು ಮಾತೂ ಆಡಲಿಲ್ಲ.