ಐದು ಕಣ್ಣಿನ ಹಕ್ಕಿ ಮತ್ತು ಹೊಲಿಗೆಯ ಸಂದು

ಬಹುಕಾಲದ ಹಿಂದೆ, ಬೆಟ್ಟಗಳು ಇನ್ನೂ ಮಾತನಾಡುತ್ತಿದ್ದಾಗ, ವಲಯಪುರವೆಂಬ ರಾಜ್ಯವಿತ್ತು. ಅದರ ಅರಮನೆಯ ಶಿಖರದ ಮೇಲೆ ಐದು ಕಣ್ಣಿನ ಸ್ಫಟಿಕದ ಹಕ್ಕಿಯೊಂದು ಕುಳಿತಿತ್ತು. ಪ್ರತಿದಿನ ಬೆಳಗ್ಗೆ ಅದರ ಒಂದೊಂದು ಕಣ್ಣಿನಿಂದ ಒಂದೊಂದು ರೇಷ್ಮೆಯ ಪಟ ಇಳಿಯುತ್ತಿತ್ತು. ಕಣ್ಣು ಕಂಡದ್ದೆಲ್ಲವೂ ಪಟದಲ್ಲಿ ಮೂಡಿರುತ್ತಿತ್ತು. ಆಸ್ಥಾನದ ಮಾಯಾವಿ ಕುಹಕಾಂಗನು ಐದರ ಅಂಚುಗಳನ್ನೂ ಕತ್ತರಿಸಿ, ಬಳೆಯಂತೆ ಹೊಲಿದು, ರಾಜನಿಗೆ ಸುತ್ತಣ ನಾಡನ್ನು ತೋರಿಸುತ್ತಿದ್ದನು. ಆ ಬಳೆಪಟದಲ್ಲಿ ಇಲ್ಲದ್ದು ಮನುಷ್ಯರ ಪಾಲಿಗೂ ಇಲ್ಲವಾಗುತ್ತಿತ್ತು. ಹಕ್ಕಿಗೆ ಮಾತ್ರ ಎಲ್ಲವೂ ಕಾಣುತ್ತಿತ್ತು.

ಒಂದು ದಿನ ರಾಜಕುಮಾರ ಬಲ್ಲುಗನು ಹೊಳೆಯ ದಡದಿಂದ ಕಾಣೆಯಾದನು. ಅವನ ಅಕ್ಕ ಜಕ್ಕಲೆ ಬಳೆಪಟವನ್ನು ನೋಡಿದಳು. ಹೊಲಿಗೆ ನೂಲು ಹಿಡಿದಂತೆ ನೇರವಾಗಿತ್ತು. ಹೊಳೆ ಮಾತ್ರ ಅಲ್ಲಿ ಮುರಿದಿತ್ತು. ಕುಹಕಾಂಗನ ರೂಪವೂ ಪಟದಲ್ಲೆಲ್ಲಿಯೂ ಇರಲಿಲ್ಲ; ಆದರೂ ಅವನು ಎದುರಿಗೇ ನಿಂತಿದ್ದನು. ಅವಳ ಮನಸ್ಸಿಗೆ ಮುಳ್ಳು ನಟ್ಟಿತು.

“ಪಟಗಳ ಅಂಚನ್ನೇಕೆ ಕತ್ತರಿಸುವಿರಿ?” ಎಂದು ಅವನನ್ನು ಕೇಳಿದಳು.

“ಒಂದನ್ನೇ ಎರಡು ಕಣ್ಣು ಕಂಡರೆ ಒಂದು ಹೆಚ್ಚಲ್ಲವೇ, ಅಮ್ಮಣ್ಣಿ? ಹೆಚ್ಚಿನದನ್ನು ತೆಗೆಯುತ್ತೇನೆ.”

“ಒಂದನ್ನು ತೆಗೆಯುವಿರೋ, ಎರಡನ್ನೂ ತೆಗೆಯುವಿರೋ?”

ಮಾಯಾವಿ ನಕ್ಕನು. “ಅನುಮಾನವಿದ್ದರೆ ನೀವೇ ಹೊಲಿಯಿರಿ. ಮೂರು ಬೆಳಗು ಬಿಟ್ಟುಕೊಟ್ಟೆ. ಸೋತರೆ ತಮ್ಮನ ಹೆಸರೆತ್ತಕೂಡದು.”

ಮೊದಲ ಬೆಳಗು ಅವಳು ಏನನ್ನೂ ಕತ್ತರಿಸದೆ ಅಂಚಿನ ಮೇಲೆ ಅಂಚನ್ನಿಟ್ಟು ಹೊಲಿದಳು. ದಡದಲ್ಲಿ ಹೊಗೆಯಂತಹ ಇಬ್ಬರು ಬಲ್ಲುಗರು ಎದ್ದರು. “ಅಕ್ಕಾ!” “ಅಕ್ಕಾ!” ಅಪ್ಪಿಕೊಳ್ಳಹೋದರೆ ಕೈಗೆ ಗಾಳಿ ಸಿಕ್ಕಿತು.

“ಎರಡು ತೊಟ್ಟಿಲು ಕಟ್ಟಿಸಿ, ಅಮ್ಮಣ್ಣಿ!” ಎಂದನು ಕುಹಕಾಂಗ.

ಒಬ್ಬನೇ ಹುಡುಗ ಎರಡು ಕಡೆ ಹೇಗೆ ಕಂಡನು? ಜಕ್ಕಲೆ ಶಿಖರವನ್ನೇರಿದಳು. ಹಕ್ಕಿಯ ಸುತ್ತ ಯಾರೋ ಕಾಳು ಚೆಲ್ಲಿದ್ದರು. ಕಾಳಿಗೆಂದು ಜಿಗಿಜಿಗಿದು, ಹಕ್ಕಿ ಒಂದೊಂದು ಕಣ್ಣನ್ನು ಒಂದೊಂದು ಜಾಗದಲ್ಲಿ ತೆರೆಯುತ್ತಿತ್ತು! ಅವಳು ಕಾಳನ್ನು ಗುಡಿಸಿ, ಹಕ್ಕಿಯನ್ನು ನಿಂತಲ್ಲೇ ತಿರುಗುವಂತೆ ಕಟ್ಟಿದಳು.

ಎರಡನೆಯ ಬೆಳಗು ಬಲ್ಲುಗ ಒಬ್ಬನೇ ಬಂದನು. ಆದರೆ ನೇರ ಹೊಲಿಗೆ ಅವನ ಮೈಮೇಲೆಯೇ ಹಾದಿತ್ತು. ಒಂದು ಭುಜಕ್ಕೆ ಬಿಸಿಲು, ಒಂದಕ್ಕೆ ಮಬ್ಬು. “ಅಕ್ಕಾ, ಈ ಎಡಗೈ ನನ್ನ ಮಾತು ಕೇಳುತ್ತಿಲ್ಲ” ಎಂದು ಅತ್ತು, ಕರಗಿಹೋದನು.

ಮೂರನೆಯ ಬೆಳಗು ಅವಳು ಎರಡು ಪಟಗಳ ಮಬ್ಬನ್ನೂ ಬಿಸಿಲನ್ನೂ ಒಂದೇ ಬಣ್ಣಕ್ಕೆ ತಂದಳು. ಎರಡು ಕಣ್ಣು ಕಂಡದ್ದು ಹೆಚ್ಚಲ್ಲ, ಅದು ಇಬ್ಬರು ಸಾಕ್ಷಿಗಳ ಒಪ್ಪಿಗೆ ಎಂದುಕೊಂಡು, ಎರಡರಲ್ಲಿಯೂ ಇದ್ದ ಬಂಡೆಯ ಮೇಲೆ ಬಂಡೆಯನ್ನು, ಆಲದ ಮೇಲೆ ಆಲವನ್ನು ಕೂಡಿಸಿ ಮುಳ್ಳು ಚುಚ್ಚಿದಳು. ಬಳಿಕ ನೂಲನ್ನು ನೇರವಾಗಿ ಎಳೆಯದೆ, ನೀರೂ ಮರಳೂ ಸೇರುವ ಗೆರೆಯನ್ನೇ ಹಿಡಿದು, ತಮ್ಮನ ಮೈಗೆ ತಾಗದಂತೆ ಸುತ್ತಿಕೊಂಡು ಸಾಗಿದಳು.

“ಸಂದು ಮುಚ್ಚಬೇಡ! ನನ್ನ ಮನೆಯಿರುವುದೇ ಅಲ್ಲಿ!” ಎಂದು ಕುಹಕಾಂಗ ಚೀರಿದನು.

“ಹಾಗೆಂದೇ ಅನುಮಾನವಿತ್ತು” ಎಂದು ಅವಳು ಗಂಟು ಹಾಕಿದಳು.

ಮಾಯಾವಿ ಸೊರಗಿ ಸೊರಗಿ ನೂಲಿನ ಎಳೆಯಾದನು; ಅವಳು ಅದನ್ನು ಕತ್ತರಿಸಿ ಒಲೆಗೆ ಹಾಕಿದಳು. ಹೊಲಿಗೆಗಳು ನುಂಗಿದ್ದ ದನಕರು, ಕೇರಿ, ಜನರೆಲ್ಲ ಮರಳಿದರು. ಒದ್ದೆ ಕಾಲಿನ ಬಲ್ಲುಗ ಓಡಿಬಂದು, “ಅಕ್ಕಾ, ಹಸಿವು” ಎಂದನು. ಅವಳು ಅವನ ಎಡಗೈಯನ್ನು ಹಿಂಡಿ ನೋಡಿದಳು, ಬೆಚ್ಚಗಿತ್ತು.

ಅಂದಿನಿಂದ ವಲಯಪುರದಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಜಕ್ಕಲೆ ಮಾತ್ರ ಪ್ರತಿ ಬೆಳಗೂ ಹೊಲಿಗೆಯುದ್ದಕ್ಕೂ ಬೆರಳಾಡಿಸಿ ನೋಡಿಯೇ ತಮ್ಮನಿಗೆ ಎಲೆ ಹಾಕುತ್ತಿದ್ದಳು.