ತವರಿನ ಹೆಪ್ಪು

ಶಿವಾನಿ ಅಡಿಗೆಮನೆಯಲ್ಲಿ ರಸಬಾಳೆಯ ಸಿಪ್ಪೆ ಸುಲಿಯುತ್ತಿದ್ದಳು. ನಡುಮನೆಯಲ್ಲಿ ಅವಳ ಅತ್ತೆ ಮಲ್ಲಾಜಮ್ಮ ಕೆನ್ನೆಗೆ ಕೈಯಾನಿಸಿಕೊಂಡು, ಲೋಕವೇ ಮುಗಿಯಿತೆಂಬಂತೆ ನರಳುತ್ತಿದ್ದಳು. ಹಿಂದಿನ ದಿನ ನಂಜನಗೂಡಿನಲ್ಲಿ ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದಳು. ಅನ್ನ ಅಗಿಯಲಾಗದು, ಗಂಜಿ ಕಂಡರೆ ಆಗದು. ಹಸಿದ ಅತ್ತೆಯನ್ನು ಕಂಡು ಆ ಸೊಸೆಯ ಕರುಳು ಎಷ್ಟು ಮರುಗಿತೋ!

ಹಣ್ಣು, ಸಕ್ಕರೆ, ಒಂದು ಏಲಕ್ಕಿ ಮಿಕ್ಸಿಗೆ ಹಾಕಿ ಗಡಿಗೆಯ ಮೊಸರು ಸುರಿದಳು. ತಳದಲ್ಲಿ ಒಂದು ಸೌಟು ಮಾತ್ರ ಹೆಪ್ಪಿಗೆಂದು ಉಳಿಸಿದಳು. ಅದೇನು ಸಾಮಾನ್ಯ ಹೆಪ್ಪೇ? ಮಲ್ಲಾಜಮ್ಮ ಮದುವೆಯಾಗಿ ಬರುವಾಗ ಮುಡುಕುತೊರೆಯ ತವರಿನಿಂದ ಕುಡಿಕೆಯಲ್ಲಿ ತಂದದ್ದು. ನಿನ್ನೆಯ ಮೊಸರೇ ಇಂದಿನ ಹಾಲಿಗೆ ಹೆಪ್ಪಾಗಿ, ಒಂದು ದಿನವೂ ತಪ್ಪದೆ ನಡೆದು ಬಂದಿತ್ತು. ಅವ್ವ ಹೋದಳು, ತವರುಮನೆಯ ಗೋಡೆಯೂ ಬಿತ್ತು, ಉಳಿದದ್ದು ಅದೊಂದೇ...

"ಪಂಚಾಮೃತದಂಗದೆ ಕಣವ್ವ!" ಎನ್ನುತ್ತ ಮಲ್ಲಾಜಮ್ಮ ಒಂದೇ ಉಸಿರಿಗೆ ಲೋಟ ಬರಿದು ಮಾಡಿದಳು. "ಇನ್ನೊಂದ್ಲೋಟ ಮಾಡ್ಕೊಡು."

"ಅತ್ತೆ, ಮೊಸ್ರು..."

"ಅತ್ತೆ ಕುಡಿಯೋದ್ಕೂ ಲೆಕ್ಕ ಇಡ್ತಿಯೇನೇ?"

ಸೊಸೆ ಬರಿದಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಮಿಕ್ಸಿ ಮತ್ತೆ ಗುರ್ರೆಂದಿತು.

ಸಂಜೆ ಹಾಲು ಆರಿಸಿಟ್ಟು ಮಲ್ಲಾಜಮ್ಮ ಹೆಪ್ಪು ಹಾಕಲು ಹೋದರೆ, ಗಡಿಗೆ ತೊಳೆದು ಬೋರಲು ಹಾಕಿತ್ತು!

"ಎಪ್ಪೆಲ್ಲೇ?"

"ಎರಡ್ನೇ ಲೋಟಕ್ಕೆ ಅದನ್ನೇ ಹಾಕ್ದೆ ಅತ್ತೆ... ನೀವು ಕೇಳ್ದಾಗ ಇಲ್ಲ ಅನ್ನೋಕಾಯ್ತದಾ?"

"ಅಯ್ಯೋ ಶಿವನೇ! ನಮ್ಮವ್ವನ ಮನೇನ ನಾನೇ ಕುಡುದ್ಬುಟ್ನಲ್ಲಾ! ಅದೂ ಬಾಳೆಅಣ್ಣು ಆಕುಸ್ಕೊಂಡು...!"

ಅಳು ಕೇಳಿ ಮಗ ನಂಜುಂಡೇಶ್ ಓಡಿ ಬಂದ. "ಅದ್ಕ್ಯಾಕವ್ವ ಅಳ್ತೀಯ? ಪ್ಯಾಕೆಟ್ ಮೊಸ್ರು ತತ್ತೀನಿ ಬುಡು."

"ನಾಳೆ ನಾನ್ ಸತ್ರೆ ಅವ್ವನ್ನೂ ಪ್ಯಾಕೆಟ್ನಲ್ಲೇ ತತ್ತಿಯೇನ್ಲಾ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಶಿವಾನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೆಲ್ಲಗೆ, "ಮೂಗೂರಿನ ಚಿಕ್ಕತ್ತೆ ಮನೇಲಿ ಅದೇ ಹೆಪ್ಪು ಅದೆಯಲ್ವಾ ಅತ್ತೆ?" ಎಂದಳು.

ಮಲ್ಲಾಜಮ್ಮನ ಅಳು ಗಕ್ಕನೆ ನಿಂತಿತು. ಮೂಗೂರಿನ ಮರಿತಾಯಮ್ಮ ಅವಳ ಒಡಹುಟ್ಟಿದ ತಂಗಿ; ಮದುವೆಯಾಗಿ ಹೋಗುವಾಗ ಅವಳೂ ತವರಿನಿಂದ ಅದೇ ಹೆಪ್ಪು ಒಯ್ದಿದ್ದಳು. ಇದೇ ಶಿವಾನಿಯ ಮದುವೆಯಲ್ಲಿ, ಬೀಗರ ಪಂಕ್ತಿಯ ನಡುವೆ, "ಅಕ್ಕ, ನಿನ್ ಮೊಸ್ರು ಬರೀ ಉಳಿ" ಎಂದುಬಿಟ್ಟಿದ್ದಳು! ಅಂದೇ ಹೋಗಿಬರುವುದು ನಿಂತಿತ್ತು. ಆಮೇಲೆ ಮನಸ್ಸು ತಡೆಯದೆ ಮಲ್ಲಾಜಮ್ಮ ಒಂದು ಇನ್‌ಲ್ಯಾಂಡ್ ಕಾಗದ ಬರೆದದ್ದೇನೋ ನಿಜ. ಆದರೆ ಕಿರಿಯವಳೇ ಮೊದಲು ಬರೆಯಲಿ ಎಂದು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದ್ದಳು. ಪಟ ಒರೆಸುವಾಗಲೆಲ್ಲ ಶಿವಾನಿ ಕಾಗದದ ದೂಳನ್ನೂ ಕೊಡವಿ, ಏನೂ ಕಾಣದವಳಂತೆ ಅಲ್ಲೇ ಇಡುತ್ತಿದ್ದಳು.

"ನಾನ್ ಸೋಲ್ಬೇಕಾ ಅವ್ಳಿಗೆ?"

"ಬೇಡ ಬುಡಿ. ಆದ್ರೆ ಅವ್ರ ಮಗನ್ಗೂ ಹೆಣ್ಣು ಗೊತ್ತಾಯ್ತಂತೆ. ಹೆಣ್ಣಿನ ಜೊತೆ ಮಿಕ್ಸಿನೂ ಬತ್ತದೆ, ಆ ಹೆಪ್ಪೂ ಇನ್ನೆಷ್ಟ್ ದಿನ್ವೋ..."

ಮಲ್ಲಾಜಮ್ಮ ದಡಕ್ಕನೆ ಎದ್ದಳು. ಪಟದ ಹಿಂದಿನಿಂದ ಕಾಗದ ತೆಗೆದು ಬಿಡಿಸಿದಳು. 'ಮರಿತಾಯಿ, ನೀನಿಲ್ಲದೆ ಹಬ್ಬ ಸಪ್ಪೆ, ಬಾ' ಎಂದಿತ್ತು. ಓದುತ್ತಲೇ ಕಣ್ಣು ತುಂಬಿಬಂತು... ಮೂಗೊರೆಸಿಕೊಂಡು ಕೆಳಗೆ ಒಂದು ಸಾಲು ಸೇರಿಸಿದಳು: 'ಬರುವಾಗ ಒಂದು ಕುಡಿಕೆ ಮೊಸರು ತಾ. ಹುಳಿಯಾಗಿದ್ದರೂ ಸರಿ.'

ಗೋಂದು ಎಂದೋ ಒಣಗಿಹೋಗಿತ್ತು. ಶಿವಾನಿ ಒಂದು ಅನ್ನದ ಅಗುಳನ್ನು ಹಿಸುಕಿ ಕಾಗದವನ್ನು ಅಂಟಿಸಿಕೊಟ್ಟಳು. ಅತ್ತೆ ಒಂದು ಕೈಯಲ್ಲಿ ಕೆನ್ನೆ, ಇನ್ನೊಂದು ಕೈಯಲ್ಲಿ ಸೊಸೆಯ ತೋಳು ಹಿಡಿದುಕೊಂಡು ಬೀದಿಯ ಕೊನೆಯವರೆಗೆ ನಡೆದು, ಕಾಗದವನ್ನು ಅಂಚೆಪೆಟ್ಟಿಗೆಯೊಳಕ್ಕೆ ಬಿಟ್ಟಳು.