ಎಣ್ಣೆ ಕಾಣದ ಮುಂದಿನ ಅಚ್ಚು

ಜೀಪನ್ನು ಎತ್ತುಗಳು ಎಳೆದು ತಂದವು. ಭದ್ರಾವತಿಯಿಂದ ಶಿವಮೊಗ್ಗೆಯವರೆಗೆ ದಾರಿಯುದ್ದಕ್ಕೂ ಜನರು ನಿಂತು ನಕ್ಕಿದ್ದರು. ಆ ನಗೆಯೇ ಧೂಳಾಗಿ ಮುಖದ ಮೇಲೆ ಕುಳಿತಿದೆಯೆಂಬಂತೆ ಪದ್ಮಾವತಿಯು ಸೆರಗಿನಿಂದ ಹಣೆಯನ್ನು ಒರೆಸಿಕೊಳ್ಳುತ್ತ ಸ್ಟೇರಿಂಗಿನ ಹಿಂದಿನಿಂದ ಇಳಿದಳು.

ಮಹಾಯುದ್ಧ ಮುಗಿದ ಮರುವರ್ಷವದು. ಸೈನ್ಯವು ಹರಾಜಿಗಿಟ್ಟ ಈ ವಾಹನವನ್ನು ಅವಳ ತಂದೆ ರಾಮಚಂದ್ರಪ್ಪನವರು ಕೊಂಡಿದ್ದರು. ಉಂಬ್ಳೇಬೈಲಿನ ಕಾಡಿನಲ್ಲಿ ಸುಟ್ಟ ಇದ್ದಿಲನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒದಗಿಸುವ ಗುತ್ತಿಗೆ ಅವರದು. ಗಂಡುಮಕ್ಕಳಿಲ್ಲ, ಕಣ್ಣಿಗೆ ಪೊರೆ ಬಂದಿತ್ತು. ಆದಕಾರಣ ಮಗಳೇ ಸಾರಥಿಯಾದಳು. ಕಲಿಸಿದವನು ದುರ್ಗಿಗುಡಿಯ ಬಳಿ ವರ್ಕ್‌ಷಾಪು ಇಟ್ಟಿದ್ದ ಫಿಟ್ಟರ್ ಮೂರ್ತಪ್ಪ. ಬರ್ಮಾದ ಗಡಿಯಲ್ಲಿ ಸೈನ್ಯದ ಗಾಡಿಗಳನ್ನು ದುರಸ್ತಿ ಮಾಡಿ ಮರಳಿದ ತರುಣ.

ಪಾಠದ ದಿನಗಳಲ್ಲಿ ಅವಳ ಸೋದರತ್ತೆ ದುರ್ಗಮ್ಮನವರು ಹಿಂದಿನ ಸೀಟಿನಲ್ಲಿ ಎಲೆಯಡಿಕೆ ಮೆಲ್ಲುತ್ತ ಕಾವಲು ಕುಳಿತಿರುತ್ತಿದ್ದರು. ಗೇರಿನ ಹಿಡಿಯ ಮೇಲೆ ಇಬ್ಬರ ಬೆರಳುಗಳು ಒಮ್ಮೆ ತಾಗಿದಾಗ ಅವರು ಕೆಮ್ಮಿದ್ದುಂಟು. ಅಂದಿನಿಂದ ಆ ಕೆಮ್ಮಿಗೆ ಕಾರಣವಾಗುವುದನ್ನು ಇಬ್ಬರೂ ಜಾಣತನದಿಂದ ತಪ್ಪಿಸುತ್ತಿದ್ದರು. ಅಷ್ಟೇ ಜಾಣತನದಿಂದ ಅರಸುತ್ತಲೂ ಇದ್ದರು.

"ಏನಾಯ್ತು ಯಜಮಾನ್ರೇ?" ಎಂದು ಮೂರ್ತಪ್ಪ ಹೊರಗೆ ಬಂದ.

"ಕಾಡಲ್ಲಿ ಏರು ಹತ್ತೋವಾಗ ಮುಂದಿನ ಗೇರು ಹಾಕಿದ್ಲಂತೆ ಕಣಪ್ಪ. ಕಟಕಟ ಅಂತು, ನಿಂತೇ ಹೋಯ್ತು," ಎಂದರು ಜೊತೆಯಲ್ಲೇ ಬಂದಿದ್ದ ರಾಮಚಂದ್ರಪ್ಪ. ಏರಿನಲ್ಲಿ, ಕೆಸರಿನಲ್ಲಿ ಮುಂದಿನ ಚಕ್ರಗಳಿಗೂ ಇಂಜಿನ್ನಿನ ಬಲ ಕೊಡುವ ಲಿವರ್ ಅದು; ಗಟ್ಟಿ ರಸ್ತೆಗೆ ಬಂದೊಡನೆ ಬಿಡಬೇಕು.

ಎದುರಿನ ಕಾಫಿ ಹೋಟೆಲಿನಿಂದ ಜನರು ಲೋಟಗಳನ್ನು ಹಿಡಿದೇ ಹೊರಬಂದಿದ್ದರು. ಹೆಣ್ಣೊಬ್ಬಳು ಓಡಿಸುವ ಗಾಡಿ ಎಂದಾದರೊಂದು ದಿನ ಹೀಗೆ ಬಂದೀತೆಂದು ಕಾದವರಂತಿತ್ತು ಅವರ ನಿಲುವು. ಪ್ರೇಕ್ಷಕರನ್ನು ಕಂಡೊಡನೆ ಮೂರ್ತಪ್ಪನ ನಾಲಗೆಗೆ ಅಹಂಕಾರವೇರಿತು. ಬಗ್ಗಿ ನೋಡುವ ಶ್ರಮವನ್ನೂ ತೆಗೆದುಕೊಳ್ಳದೆ ತೀರ್ಪಿತ್ತ.

"ಗಟ್ಟಿ ರಸ್ತೆ ಮೇಲೂ ಮುಂದಿನ ಗೇರು ಬಿಡದೇನೇ ಓಡ್ಸಿದಾರೆ. ಒಳಗಡೆ ಹಲ್ಲು ಮುರಿದಿದೆ. ಹೆಂಗಸರಿಗೆ ಒಂದು ಲಿವರ್ ನೆನಪಿದ್ರೆ ಇನ್ನೊಂದು ಮರೆತುಹೋಗುತ್ತೆ, ಏನ್ಮಾಡೋದು!"

ನಗೆ ಎದ್ದಿತು.

"ನಾನು ಬಿಟ್ಟಿದ್ದೆ," ಎಂದಳು ಪದ್ಮಾವತಿ. "ಮುಂದಿನ ಗೇರು ಹಾಕದೆ ಇದ್ದಾಗ್ಲೂ ಅಲ್ಲಿಂದ ಸದ್ದು ಬರ್ತಿತ್ತು."

"ಸಾಕು ಮಗಾ," ಎಂದರು ರಾಮಚಂದ್ರಪ್ಪ, ಅವಳತ್ತ ನೋಡದೆ. "ನಾಳೆಯಿಂದ ಸಂಬಳದ ಡ್ರೈವರ್ ಬರ್ತಾನೆ. ನೀನಿನ್ನು ಸ್ಟೇರಿಂಗ್ ಮುಟ್ಬೇಡ." ಹಾಗೆಂದು ಜನರೊಡನೆ ಹೋಟೆಲಿನೊಳಗೆ ನಡೆದರು. ಹಿಂದಿನ ಸೀಟಿನಿಂದ ಇಳಿದ ದುರ್ಗಮ್ಮನವರು ಬೇವಿನ ನೆರಳಿನ ಕಲ್ಲಿನ ಮೇಲೆ ಕುಳಿತರು.

ಪದ್ಮಾವತಿ ಒಮ್ಮೆ ಮೂರ್ತಪ್ಪನನ್ನು ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಅವನು ಸಹಿಸುತ್ತಿದ್ದ. ಇದ್ದದ್ದು ಬೇರೆ: ನಂಬಿ ಬಾಗಿಲು ತೆರೆದವಳು, ಬಂದವನು ಅಪರಿಚಿತನೆಂದು ಕಂಡು ಮೆಲ್ಲನೆ ಅದನ್ನು ಮುಚ್ಚುವಂತಹ ಭಾವ.

ಅವನು ತಲೆ ತಗ್ಗಿಸಿ ಜಾಕಿ ಹಾಕಿದ.

"ಸದ್ದು ಯಾವಾಗಿಂದ?"

"ದಸರಾ ಮುಗಿದ ಮೇಲೆ. ಮೊದಲು ಸೊಳ್ಳೆ ಥರ, ಆಮೇಲೆ ಕಣಜದ ಥರ. ವೇಗ ಹೆಚ್ಚಿದ ಹಾಗೆ ಹೆಚ್ತಿತ್ತು." ತುಸು ತಡೆದು ಅವಳು ಸೇರಿಸಿದಳು: "ಹೆಂಗಸರ ಕಿವಿ. ನೀವು ನಂಬಬೇಕಾಗಿಲ್ಲ."

ಮಾತು ಮೃದುವಾಗಿತ್ತು, ಆದರೂ ಅವನ ಕಿವಿಗಳು ಕೆಂಪಾದವು. ಮುಂದಿನ ಎರಡು ಚಕ್ರಗಳನ್ನೂ ನೆಲದಿಂದ ಎತ್ತಿ, ಒಂದನ್ನು ಕೈಯಿಂದ ತಿರುಗಿಸಿದ. ಒಳಗೆ ಬೀಸುವ ಕಲ್ಲಿಗೆ ಮರಳು ಸಿಕ್ಕಂತಹ ಗರಗರ ಸದ್ದು. ಅಲ್ಲಲ್ಲಿ ಚಕ್ರ ತಡೆದು ನಿಲ್ಲುತ್ತಿತ್ತು. ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಗೂಡಿನ ಒಳಗೇ, ಎರಡು ಚಕ್ರಗಳಿಗೂ ಬಲ ಹಂಚುವ ಡಿಫ್ರೆನ್ಷಿಯಲಿನ ಹಲ್ಲುಗಳಲ್ಲೇ, ಕೇಡು ಇದೆಯೆಂಬುದು ಖಚಿತವಾಯಿತು. ಅದರ ಕೆಳಗೆ ತಗಡಿನ ಡಬ್ಬಿಯಿಟ್ಟು ಬಿರಡೆಯನ್ನು ಬಿಚ್ಚಿದ.

ಎಣ್ಣೆ ಬೀಳಲಿಲ್ಲ.

ಒಂದು ಚಿಟಿಕೆ ಕಪ್ಪು ಹುಡಿ ಉದುರಿತು. ಅದರ ಹಿಂದೆ ಹಲ್ಲಿನ ಒಂದು ಚೂರು ಡಬ್ಬಿಗೆ ಟಣ್ಣೆಂದು ಬಿದ್ದಿತು. ಮೂರ್ತಪ್ಪ ಆತುರದಿಂದ ಮುಚ್ಚಳದ ಬೋಲ್ಟುಗಳನ್ನು ತೆಗೆದ. ಭಾರ ತಾಳದೆ ಮುರಿದ ಹಲ್ಲಾದರೆ ಎಣ್ಣೆಯಲ್ಲಿ ಮಿಂದು ಬೆಳ್ಳಗೆ ಹೊಳೆಯುತ್ತಿತ್ತು. ಇಲ್ಲಿನ ಹಲ್ಲುಗಳೆಲ್ಲ ನವಿಲುಗರಿಯ ನೀಲಿಗೆ ತಿರುಗಿದ್ದವು. ಒಣಗಿ ಕಾದು ಬೆಂದುದರ ಗುರುತದು. ಲಿವರನ್ನು ಹಾಕಲಿ ಬಿಡಲಿ, ಚಕ್ರ ಉರುಳಿದಷ್ಟೂ ಈ ಹಲ್ಲುಗಳು ತಿರುಗುತ್ತಲೇ ಇರುತ್ತವೆ. ಅವಳು ಕೇಳಿದ ಸದ್ದು ಸತ್ಯವಾಗಿತ್ತು. ಲಿವರನ್ನು ಅವಳು ಬಿಟ್ಟಿದ್ದೂ ಸತ್ಯವಾಗಿತ್ತು.

ಆಗ ಅವನಿಗೆ ಆಯುಧಪೂಜೆಯ ಹಿಂದಿನ ಸಂಜೆ ನೆನಪಾಯಿತು.

ಎಣ್ಣೆ ಬಸಿದು, ಎಣ್ಣೆ ಸೋರದಂತೆ ತಡೆಯುವ ಹಳೆಯ ಸೀಲನ್ನು ಬದಲಿಸಿ, ಗೂಡನ್ನು ಮುಚ್ಚಿದ್ದ. ತುಂಬುವುದೊಂದು ಬಾಕಿ. ಅಷ್ಟರಲ್ಲಿ ತಾಯಿ ಕರೆದಿದ್ದರು: ದೀಪ ಹಚ್ಚುವ ಹೊತ್ತಿಗೆ ಸ್ಪ್ಯಾನರುಗಳೆಲ್ಲ ತೊಳೆದು ಮಣೆಯ ಮೇಲಿರಬೇಕು. ಕುಂಕುಮವಿಟ್ಟ ಹತಾರವನ್ನು ವಿಜಯದಶಮಿಯ ಮಂಗಳಾರತಿಯವರೆಗೆ ಮುಟ್ಟುವಂತಿಲ್ಲ. ಪೂಜೆಯೆತ್ತಿದ ಮೇಲೆ ತುಂಬಿದರಾಯಿತೆಂದುಕೊಂಡ. ಪೂಜೆಯೆತ್ತಿದ ಗಳಿಗೆಯಲ್ಲೇ ಪದ್ಮಾವತಿ ಗಾಡಿಗೆಂದು ಬಂದಳು. ಮುಡಿಯಲ್ಲಿ ಸೇವಂತಿಗೆ, ಕೈಯಲ್ಲಿ ಚಕ್ರದಡಿ ಇಡಲು ನಿಂಬೆಹಣ್ಣು. ನಿಂಬೆಹಣ್ಣು ಒಡೆದು ಹಾರಿದ ರಸ ಅವಳ ಕೆನ್ನೆಗೆ ಸಿಡಿದಾಗ ಅವನು ನಕ್ಕಿದ್ದ, ಅವಳೂ ನಕ್ಕಿದ್ದಳು. ಗಾಡಿ ಕಣ್ಮರೆಯಾಗುವವರೆಗೂ ಅವನು ನೋಡುತ್ತಲೇ ನಿಂತಿದ್ದ. ಎಣ್ಣೆಯ ಡಬ್ಬಿ ಬಾಗಿಲ ಹಿಂದೆ ಉಳಿದಿತ್ತು.

"ಎಣ್ಣೆ ಬರ್ಲಿಲ್ವಾ?" ಪದ್ಮಾವತಿ ಚಕ್ರದ ಆಚೆ ಕುಕ್ಕರಗಾಲಿನಲ್ಲಿ ಕುಳಿತು ಬಗ್ಗಿ ನೋಡುತ್ತಿದ್ದಳು.

ಅವಳ ಕಣ್ಣು ನೀಲಿಗಟ್ಟಿದ ಹಲ್ಲಿನಿಂದ ಅವನ ಮುಖಕ್ಕೆ ಬಂದಿತು. ಅರಿತಳು. ಅತ್ತೆಗೆ ಕೇಳಿಸದಂತೆ ಹೇಳಿದಳು:

"ಸೋರಿಹೋಗಿದೆ ಅಂತ ಹೇಳಿ. ಮಿಲಿಟ್ರಿ ಹಳೇ ಗಾಡಿ, ಸೋರುತ್ತೆ. ನನ್ನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ."

ತನ್ನನ್ನು ಬೀದಿಯಲ್ಲಿ ನಗೆಗೀಡು ಮಾಡಿದವನಿಗೆ ಅವಳು ಅಡಗಲು ನೆರಳನ್ನು ತೋರುತ್ತಿದ್ದಳು. ಬೈದಿದ್ದರೆ ಅವನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಗೂಡಿನ ಹೊರಮೈಯ ಮೇಲೆ ಬೆರಳಾಡಿಸಿದ, ಒಣ ಕೆಂಧೂಳು. ಸೋರಿದ್ದರೆ ಅದು ಜಿಡ್ಡುಗಟ್ಟಿ ಕೆಸರಾಗಿರುತ್ತಿತ್ತು. ಆ ಬೆರಳನ್ನು ಅವಳಿಗೆ ತೋರಿಸಿದ.

"ಒಂದು ಹನಿಯೂ ಸೋರಿಲ್ಲ ಪದ್ಮಮ್ನೋರೇ. ನಾನು ತುಂಬಲೇ ಇಲ್ಲ."

"ಅಪ್ಪಂಗೆ ಅದು ಗೊತ್ತಾಗಲ್ಲ."

"ನಿಮಗೆ ಗೊತ್ತಾಯ್ತಲ್ಲ."

ಕೈಯನ್ನೂ ತೊಳೆಯದೆ ಬೀದಿ ದಾಟಿದ. ಹೋಟೆಲಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಯಜಮಾನ್ರೇ, ಅಮ್ಮಾವ್ರದು ಏನೂ ತಪ್ಪಿಲ್ಲ. ಹಬ್ಬಕ್ಕೆ ಮುಂಚೆ ಎಣ್ಣೆ ಬಸಿದವನು ನಾನು. ತುಂಬೋದು ಮರ್ತೆ. ಗಾಡಿ ಕೆಡಿಸಿದವನು ನಾನೇ."

ಮೂಲೆಯಿಂದ ಯಾರೋ ಕೇಳಿದರು: "ಬರ್ಮಾಕ್ಕೆ ಹೋಗಿ ಇದನ್ನೇ ಕಲ್ತು ಬಂದ್ಯೇನೋ ಮಾರಾಯ?" ನಗೆ ಈಗ ಅವನ ಮೇಲೆ ಸುರಿಯಿತು. ಅವನು ಕದಲದೆ ಅದನ್ನು ಹೊತ್ತುಕೊಂಡ.

"ಅಷ್ಟು ಜನರ ಮುಂದೆ ನನ್ನ ಮಗಳನ್ನ ಅಂದ್ಯಲ್ಲ ಮೂರ್ತಪ್ಪ," ಎಂದರು ರಾಮಚಂದ್ರಪ್ಪ.

"ಅದಕ್ಕೇ ಅಷ್ಟೇ ಜನರ ಮುಂದೆ ಹೇಳೋಕೆ ಬಂದೆ."

ಹಿರಿಯರು ಪೊರೆಗಣ್ಣನ್ನು ಕಿರಿದುಮಾಡಿ ಅವನನ್ನು ದಿಟ್ಟಿಸಿದರು. "ನಾನೂ ಅವಳ ಮಾತು ಕೇಳ್ಲಿಲ್ಲ," ಎಂದು ಗೊಣಗಿ, ಗಟ್ಟಿಯಾಗಿ ಹೇಳಿದರು: "ಸರಿಮಾಡು. ಓಡ್ಸ್ಕೊಂಡು ಹೋಗೋಳು ಅವಳೇ."

ಹೊಸ ಹಲ್ಲುಚಕ್ರಗಳು ಬೆಂಗಳೂರಿನಿಂದ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಜೋಡಿಸಿದ ಮೇಲೆ ಪರೀಕ್ಷೆಗೆಂದು ಗಾಡಿ ಭದ್ರಾವತಿಗೆ ಹೊರಟಿತು. ಪದ್ಮಾವತಿ ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಮೂರ್ತಪ್ಪ, ಹಿಂದೆ ದುರ್ಗಮ್ಮ. ದಾರಿಯುದ್ದಕ್ಕೂ ಅವನು ನೆಲವನ್ನೇ ನೋಡುತ್ತ ಸದ್ದಿಗೆ ಕಿವಿಗೊಟ್ಟಿದ್ದ.

"ಸದ್ದಿಲ್ಲ ಅಲ್ವಾ?" ಎಂದಳು ಅವಳು.

"ಇಲ್ಲ."

"ಹಾಗಾದ್ರೆ ತಲೆ ಎತ್ತಿ. ಇಷ್ಟು ವರ್ಷ ಗಾಡಿ ಬಿಚ್ಚಿದೋರು, ಹಬ್ಬದ ದಿನ ಯಾಕೆ ಮರೆತ್ರಿ?"

ಅವನ ಉತ್ತರ ಇಂಜಿನ್ನಿನ ಸದ್ದಿಗಿಂತ ಕ್ಷೀಣವಾಗಿತ್ತು. "ನಿಮ್ಮನ್ನ ನೋಡ್ತಾ ನಿಂತಿದ್ದೆ."

ಅವಳ ತುಟಿಯಂಚು ಅಲುಗಿತು. "ಇದನ್ನ ಹೋಟ್ಲಲ್ಲಿ ಹೇಳ್ಲಿಲ್ಲ?"

"ಹೇಳಿದ್ರೆ ತಪ್ಪಲ್ಲಿ ನಿಮಗೂ ಒಂದು ಪಾಲು ಬರ್ತಿತ್ತು."

ಭದ್ರೆಯ ಸೇತುವೆಯ ನಟ್ಟನಡುವೆ ಅವಳು ಗಾಡಿಯನ್ನು ನಿಲ್ಲಿಸಿದಳು. ಕೆಳಗೆ ಕಾರ್ತೀಕದ ತಿಳಿನೀರು; ಹಿಂದೆ ಎತ್ತಿನ ಗಾಡಿಗಳ ಸಾಲು.

"ಅಪ್ಪನ್ನ ಕೇಳೋಕೆ ನಿಮ್ಮನೆಯಿಂದ ಯಾರು ಬರ್ತಾರೆ?"

"ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಹೋಟ್ಲಿಗೆ ಹೋದ್ರಲ್ಲ, ಅದೇ ಮುಖ."

"ಏಯ್, ಗಾಡಿ ತೆಗೀರೋ!" ಎಂದು ಹಿಂದಿನಿಂದ ಕೂಗು ಬಂದಿತು. ಅವಳು ಕದಲಲಿಲ್ಲ. ದುರ್ಗಮ್ಮನವರು ಈ ಸಲ ಕೆಮ್ಮಲಿಲ್ಲ. "ಹೇಳ್ಬಿಡೋ ಮಾರಾಯ, ಊರೆಲ್ಲಾ ಹಿಂದೆ ನಿಂತಿದೆ!"

"ನಾಳೆ ಅವ್ವನ್ನ ಕಳಿಸ್ತೀನಿ," ಎಂದ ಮೂರ್ತಪ್ಪ.

"ಎತ್ತಿನ ಗಂಟೆ ಸದ್ದು. ಕೇಳಿಸ್ಲಿಲ್ಲ," ಎಂದಳು ಪದ್ಮಾವತಿ.

"ಅವ್ವನ್ನ ಕಳಿಸ್ತೀನಿ! ಪದ್ಮನ್ನ ನಮಗೆ ಕೊಡಿ ಅಂತ ಕೇಳೋಕೆ!"

ಹಿಂದಿನ ಸಾಲಿನಿಂದ ಯಾರೋ ಗಾಡಿಯವನು ಶಿಳ್ಳೆ ಹೊಡೆದ. ಮೂರ್ತಪ್ಪನ ಮುಖ ಕುತ್ತಿಗೆಯವರೆಗೂ ಕೆಂಪೇರಿತು. ಆದರೂ ತಲೆ ಎತ್ತಿ ಅವಳನ್ನು ನೇರವಾಗಿ ನೋಡಿದ. ಆ ನೋಟವನ್ನು ಬೇಡಿ ಪಡೆದವಳೇ ಈಗ ಅದನ್ನು ತಾಳಲಾರದೆ ರೆಪ್ಪೆಗಳನ್ನು ಇಳಿಸಿದಳು. ಅವಸರದಲ್ಲಿ ಕ್ಲಚ್ಚಿನಿಂದ ಕಾಲು ಜಾರಿತು. ಗಾಡಿ ಒಮ್ಮೆ ಹಾರಿ, ನಡುಗಿ, ಆರಿಹೋಯಿತು.

"ಇದು ಮಾತ್ರ," ಎಂದಳು ಪದ್ಮಾವತಿ, ಸೆರಗಿನಲ್ಲಿ ಮುಖವನ್ನು ಮುಚ್ಚಿಕೊಂಡು, "ನನ್ನ ತಪ್ಪೇ."